ಗಡಿ ದಾಟಿಸುವ ಮುನ್ನ ಕೇಳಬೇಕಾದ ಮಾತು

2020ರ ಜನವರಿ ತಿಂಗಳು. ಬೆಂಗಳೂರಿನ ಪೂರ್ವ ಅಂಚಿನ ಕರಿಯಮ್ಮನ ಅಗ್ರಹಾರಕ್ಕೆ ಜೆಸಿಬಿ ಯಂತ್ರಗಳು ಬಂದವು. ತಗಡು, ಟಾರ್ಪಾಲುಗಳಿಂದ ಕಟ್ಟಿಕೊಂಡಿದ್ದ ಕೂಲಿಕಾರರ ಗುಡಿಸಲುಗಳನ್ನು ನೋಡುನೋಡುತ್ತಿದ್ದಂತೆ ನೆಲಸಮ ಮಾಡಿದವು. ಅಲ್ಲಿ ವಾಸವಾಗಿದ್ದವರು ಅಕ್ರಮವಾಗಿ ನುಸುಳಿ ಬಂದ ಬಾಂಗ್ಲಾದೇಶೀಯರು ಎಂಬುದು ಆಪಾದನೆ. ಆದರೆ ಪಾತ್ರೆ ಪಗಡಗಳೊಂದಿಗೆ ಬಯಲಿಗೆ ಬಿದ್ದವರು ತಮ್ಮ ಆಧಾರ್ ಕಾರ್ಡು, ಮತದಾರರ ಗುರುತಿನ ಚೀಟಿಗಳನ್ನು ತೆಗೆದು ತೋರಿಸತೊಡಗಿದಾಗ ಬೇರೆಯೇ ಸಂಗತಿ ಹೊರಬಿತ್ತು. ಅಸ್ಸಾಂ, ತ್ರಿಪುರ, ಪಶ್ಚಿಮ ಬಂಗಾಳಗಳಿಂದ ದುಡಿಮೆಗೆಂದು ಬಂದ ಭಾರತೀಯರು ಅಲ್ಲಿದ್ದರು. ಅವರೊಂದಿಗೆ ಉತ್ತರ ಕರ್ನಾಟಕದಿಂದ ಗುಳೆ ಬಂದ ಅಪ್ಪಟ ಕನ್ನಡಿಗರೂ ಇದ್ದರು.

ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿತು. ಅಂದಿನ ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರಿದ್ದ ಪೀಠ ತೆರವು ಕಾರ್ಯಕ್ಕೆ ತಡೆ ನೀಡಿತು. ಗುಡಿಸಲು ಕಳೆದುಕೊಂಡವರ ಪುನರ್ವಸತಿಯ ಹೊಣೆ ಸರ್ಕಾರದ್ದು ಎಂದಿತು. ಆದರೆ ಕೋರ್ಟು ಮಾತನಾಡುವ ಹೊತ್ತಿಗೆ ಗುಡಿಸಲುಗಳು ಇರಲಿಲ್ಲ.

ಈ ಘಟನೆಯಲ್ಲಿ ಒಂದು ಸರಳ ಪಾಠವಿದೆ. ಒಬ್ಬ ವ್ಯಕ್ತಿ ವಿದೇಶಿಯೋ ಸ್ವದೇಶಿಯೋ ಎಂಬುದು ಅವನ ಮುಖ ನೋಡಿ, ಮಾತು ಕೇಳಿ, ಗುಡಿಸಲು ಕಂಡು ತೀರ್ಮಾನವಾಗುವ ವಿಷಯವಲ್ಲ. ಅದಕ್ಕೊಂದು ವಿಚಾರಣೆ ಬೇಕು. ಆಪಾದನೆ ಏನೆಂದು ತಿಳಿಸಬೇಕು, ಉತ್ತರ ಹೇಳಲು ಕಾಲಾವಕಾಶ ಕೊಡಬೇಕು, ಆ ಉತ್ತರವನ್ನು ಪಕ್ಷಪಾತವಿಲ್ಲದ ಒಬ್ಬರು ಕೂತು ಕೇಳಬೇಕು. ಕಾನೂನಿನ ಭಾಷೆಯಲ್ಲಿ ಇದನ್ನೇ ನ್ಯಾಯಬದ್ಧ ಪ್ರಕ್ರಿಯೆ ಎನ್ನುತ್ತಾರೆ. ‘ಅಕ್ರಮವಾಗಿ ಬಂದವನಿಗೆ ಇಷ್ಟೆಲ್ಲ ಏಕೆ?’ ಎಂಬ ಪ್ರಶ್ನೆ ಚಹಾದಂಗಡಿಯಿಂದ ವಿಧಾನಸಭೆಯವರೆಗೆ ಕೇಳಿಬರುತ್ತದೆ. ಅವನು ಅಕ್ರಮವಾಗಿ ಬಂದವನೇ ಎಂಬುದನ್ನು ತಿಳಿಯುವುದಕ್ಕೇ ಇಷ್ಟೆಲ್ಲ ಬೇಕು ಎಂಬುದು ಅದಕ್ಕೆ ಉತ್ತರ. ಈ ಪ್ರಶ್ನೆಗೂ ಉತ್ತರಕ್ಕೂ ನಮ್ಮ ದೇಶದಲ್ಲಿ ಒಂದೂವರೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅದರಲ್ಲಿ ಕನ್ನಡನಾಡಿನ ಪಾತ್ರವೂ ಕಡಿಮೆಯಲ್ಲ.

ಮೈಸೂರಿನವನೂ ವಿದೇಶಿ!

ವಿದೇಶಿಯರನ್ನು ಹೊರಗಟ್ಟುವ ಅಧಿಕಾರವನ್ನು ಬ್ರಿಟಿಷ್ ಸರ್ಕಾರ ಕಾಯ್ದೆಯ ರೂಪದಲ್ಲಿ ಬರೆದಿಟ್ಟದ್ದು 1864ರಲ್ಲಿ. ಆ ವರ್ಷದ ವಿದೇಶಿಯರ ಕಾಯ್ದೆಯ ಪ್ರಕಾರ ಸರ್ಕಾರ ಒಂದು ಲಿಖಿತ ಆದೇಶ ಹೊರಡಿಸಿದರೆ ಸಾಕು, ವಿದೇಶಿಯಾದವನು ಬ್ರಿಟಿಷ್ ಇಂಡಿಯಾ ಬಿಟ್ಟು ಹೋಗಬೇಕಿತ್ತು. ‘ನಾನು ವಿದೇಶಿಯಲ್ಲ’ ಎಂದು ಸಾಧಿಸುವ ಹೊಣೆ ಸರ್ಕಾರದ ಮೇಲಿರಲಿಲ್ಲ, ಆಪಾದನೆಗೆ ಗುರಿಯಾದವನ ಮೇಲೇ ಇತ್ತು.

ವಿದೇಶಿ ಎಂದರೆ ಯಾರು? ಬ್ರಿಟಿಷ್ ದೊರೆತನದ ಹುಟ್ಟು ಪ್ರಜೆಯಲ್ಲದ, ಬ್ರಿಟಿಷ್ ಇಂಡಿಯಾದ ನಿವಾಸಿಯೂ ಅಲ್ಲದ ವ್ಯಕ್ತಿ. ಈ ವ್ಯಾಖ್ಯೆಯನ್ನು ಅಕ್ಷರಶಃ ಹಿಡಿದರೆ ಮೈಸೂರು ಮಹಾರಾಜರ ಪ್ರಜೆಯೂ ವಿದೇಶಿಯೇ! ಏಕೆಂದರೆ ಮೈಸೂರು ಬ್ರಿಟಿಷ್ ಇಂಡಿಯಾದ ಭಾಗವಾಗಿರಲಿಲ್ಲ, ಅದು ದೇಶೀ ಸಂಸ್ಥಾನ. ಹರಿಹರದವನು ತುಂಗಭದ್ರೆಯ ಸೇತುವೆ ದಾಟಿದರೆ ಮುಂಬೈ ಪ್ರಾಂತ. ಚಿತ್ರದುರ್ಗದ ಕಡೆಯವನು ಬಳ್ಳಾರಿಗೆ ಹೋದರೆ ಮದರಾಸು ಪ್ರಾಂತ. ಆಚೆ ದಂಡೆಯಲ್ಲೂ ಕನ್ನಡವೇ, ಅದೇ ಜಾತ್ರೆ, ಅದೇ ನಂಟಸ್ತಿಕೆ. ಆದರೂ ಕಾಯ್ದೆಯ ಕಣ್ಣಿನಲ್ಲಿ ಒಬ್ಬ ಒಳಗಿನವ, ಇನ್ನೊಬ್ಬ ಹೊರಗಿನವ. ಗಡಿಯ ಗೆರೆಗಳನ್ನು ಮನುಷ್ಯರೇ ಎಳೆಯುತ್ತಾರೆ, ಮನುಷ್ಯರೇ ಅಳಿಸುತ್ತಾರೆ ಎಂಬುದನ್ನು 1956ರ ಏಕೀಕರಣದವರೆಗೆ ಕಾದು ಕೂತ ಕನ್ನಡಿಗರಿಗೆ ವಿವರಿಸಿ ಹೇಳಬೇಕಿಲ್ಲ.

ವಿಚಾರಣೆಯಿಲ್ಲದೆ ಗಡಿಪಾರು ಮಾಡುವ ರುಚಿ ಹತ್ತಿದ ಆಡಳಿತಕ್ಕೆ ವಿದೇಶಿ, ಸ್ವದೇಶಿ ಎಂಬ ಭೇದವೂ ಉಳಿಯಲಿಲ್ಲ. 1818ರ ಬಂಗಾಳ ರೆಗ್ಯುಲೇಷನ್ ಬಳಸಿ 1907ರಲ್ಲಿ ಲಾಲಾ ಲಜಪತರಾಯರನ್ನು ಬರ್ಮಾದ ಮಾಂಡಲೆಗೆ ಕಳುಹಿಸಿದರು. ಯಾವ ಕೋರ್ಟೂ ಅವರ ಮಾತು ಕೇಳಲಿಲ್ಲ. 1919ರಲ್ಲಿ ‘ಬಾಂಬೆ ಕ್ರಾನಿಕಲ್’ ಪತ್ರಿಕೆಯ ಸಂಪಾದಕ ಬಿ.ಜಿ. ಹಾರ್ನಿಮನ್ ಅವರನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಅಟ್ಟಿದರು. ಅದೇ ವರ್ಷ ಬಂದ ರೌಲಟ್ ಕಾಯ್ದೆಯನ್ನು ಜನ ‘ವಕೀಲನಿಲ್ಲ, ವಾದವಿಲ್ಲ, ಅಪೀಲಿಲ್ಲ’ ಎಂದು ಮೂದಲಿಸಿದರು. ಇಂದು ವಲಸಿಗರ ವಿಷಯದಲ್ಲಿ ಕೇಳಲಾಗುತ್ತಿರುವುದೂ ಈ ಮೂರನ್ನೇ ಎಂಬುದು ಗಮನಾರ್ಹ.

ಮಂಗಳೂರಿನ ಬಿ.ಎನ್. ರಾವ್

ಸ್ವಾತಂತ್ರ್ಯ ಬಂದಾಗ ಸಂವಿಧಾನ ರಚಿಸಲು ಕುಳಿತವರಲ್ಲಿ ಜೈಲು ಕಂಡವರು, ಗಡಿಪಾರು ಕಂಡವರು ಬಹಳ ಮಂದಿಯಿದ್ದರು. ಆದ್ದರಿಂದ ‘ಕಾನೂನಿನ ನ್ಯಾಯಬದ್ಧ ಪ್ರಕ್ರಿಯೆಯಿಲ್ಲದೆ ಯಾರ ಜೀವವನ್ನಾಗಲಿ, ಸ್ವಾತಂತ್ರ್ಯವನ್ನಾಗಲಿ ಕಸಿಯುವಂತಿಲ್ಲ’ ಎಂಬ ಅಮೆರಿಕದ ಮಾದರಿಯ ಮಾತು ಮೊದಲ ಕರಡಿನಲ್ಲಿ ಸೇರಿದ್ದು ಸಹಜವೇ. ಅದು ಹೊರಬಿದ್ದದ್ದರ ಹಿಂದೆ ಮಂಗಳೂರು ಮೂಲದ ಒಬ್ಬ ಮಹನೀಯರ ಸಲಹೆಯಿತ್ತು.

ಅವರು ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್. 1947ರ ಕೊನೆಯಲ್ಲಿ ರಾಯರು ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಈ ಮಾತಿನ ಬಲದಿಂದ ನ್ಯಾಯಾಧೀಶರು ಶಾಸನಸಭೆಯ ಒಳ್ಳೆಯ ಕಾಯ್ದೆಗಳನ್ನೂ ತಡೆಹಿಡಿಯಬಹುದು, ಅದು ಪ್ರಜಾಸತ್ತೆಗೆ ಒಗ್ಗುವುದಿಲ್ಲ ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯ. ಭೂಸುಧಾರಣೆಯಂತಹ ಕಾಯ್ದೆಗಳ ಹೊಸ್ತಿಲಲ್ಲಿ ನಿಂತಿದ್ದ ದೇಶಕ್ಕೆ ಇದು ನಿಜವಾದ ಆತಂಕವೇ ಆಗಿತ್ತು. ಕರಡು ಸಮಿತಿ ಮಾತನ್ನು ಬದಲಿಸಿತು. ಜಪಾನಿನ ಸಂವಿಧಾನವನ್ನು ಅನುಸರಿಸಿ ‘ಕಾನೂನು ಸ್ಥಾಪಿಸಿದ ಕಾರ್ಯವಿಧಾನ’ ಎಂದು ಬರೆಯಿತು. ಕಾಯ್ದೆ ಹೇಳಿದ ವಿಧಾನ ಪಾಲಿಸಿದರೆ ಸಾಕು, ಆ ವಿಧಾನ ನ್ಯಾಯವಾದುದೇ ಎಂದು ಕೇಳುವಂತಿಲ್ಲ ಎಂಬ ಅರ್ಥ ಅದಕ್ಕೆ ಬಂತು.

ಕೆ.ಎಂ. ಮುನ್ಶಿಯವರಂಥ ಸದಸ್ಯರು ಇದನ್ನು ಬಲವಾಗಿ ವಿರೋಧಿಸಿದರು. ಡಾ. ಬಿ.ಆರ್. ಅಂಬೇಡ್ಕರ್ ಅವರು ಎರಡು ಕಡೆಯ ಅಪಾಯವನ್ನೂ ಸಭೆಯ ಮುಂದಿಟ್ಟರು. 1949ರ ಸೆಪ್ಟೆಂಬರಿನಲ್ಲಿ ಕಳೆದುಹೋದದ್ದಕ್ಕೆ ಪರಿಹಾರವೆಂಬಂತೆ ಹೊಸ ವಿಧಿಯೊಂದನ್ನು ತಂದರು. ಅದೇ ಇಂದಿನ 22ನೇ ವಿಧಿ. ಬಂಧಿಸಿದವನಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುವ ವಿಧಿ ಅದು.

ಇಲ್ಲಿ ಇನ್ನೊಂದು ಅಂಶವಿದೆ. ಸಂವಿಧಾನದ 19ನೇ ವಿಧಿ ಮಾತನಾಡುವ, ಸಂಚರಿಸುವ, ನೆಲೆಸುವ ಹಕ್ಕುಗಳನ್ನು ‘ಪ್ರಜೆ’ಗಳಿಗೆ ಕೊಟ್ಟಿದೆ. ಆದರೆ ಕಾನೂನಿನ ಮುಂದೆ ಸಮಾನತೆ ನೀಡುವ 14ನೇ ವಿಧಿಯೂ ಜೀವ ಮತ್ತು ಸ್ವಾತಂತ್ರ್ಯ ಕಾಯುವ 21ನೇ ವಿಧಿಯೂ ‘ವ್ಯಕ್ತಿ’ಯ ಬಗ್ಗೆ ಮಾತನಾಡುತ್ತವೆ. 22ನೇ ವಿಧಿಯ ರಕ್ಷಣೆಯಿಂದ ಹೊರಗಿಟ್ಟದ್ದು ಶತ್ರುದೇಶದ ಪ್ರಜೆಯನ್ನು ಮತ್ತು ಮುಂಜಾಗ್ರತಾ ಬಂಧನದಲ್ಲಿರುವವರನ್ನು ಮಾತ್ರ, ಎಲ್ಲ ವಿದೇಶಿಯರನ್ನಲ್ಲ. ಇದು ಕೈತಪ್ಪಿನಿಂದ ಆದದ್ದಲ್ಲ. ವಿಭಜನೆಯ ಗಾಯ ಹಸಿಯಾಗಿದ್ದಾಗ, ಗಡಿಯ ಎರಡೂ ಕಡೆ ಲಕ್ಷಾಂತರ ಜನ ಅಲೆಯುತ್ತಿದ್ದಾಗಲೇ ನಮ್ಮ ಹಿರಿಯರು ಆ ಪದವನ್ನು ಆರಿಸಿದ್ದರು.

ಕೋರ್ಟುಗಳ ಹಾದಿ

ಈ ಪದಗಳಿಗೆ ಜೀವ ಬಂದದ್ದು ನಿಧಾನವಾಗಿ. 1949ರಲ್ಲಿ ಪಾಕಿಸ್ತಾನದಿಂದ ಬರುವವರನ್ನು ನಿಯಂತ್ರಿಸಲು ಕಾಯ್ದೆಯೊಂದು ಬಂದಿತ್ತು. ಪರ್ಮಿಟ್ ನಿಯಮ ಮುರಿದನೆಂಬ ಅನುಮಾನ ಬಂದರೂ ಸಾಕು, ಯಾರನ್ನೇ ಆಗಲಿ ದೇಶದಿಂದ ಹೊರಗೆ ಕಳುಹಿಸಲು ಅದರ ಏಳನೇ ಕಲಂ ಅವಕಾಶ ಕೊಟ್ಟಿತ್ತು. 1954ರಲ್ಲಿ ಸುಪ್ರೀಂ ಕೋರ್ಟು, ಭಾರತದ ಪ್ರಜೆಗಳ ಮಟ್ಟಿಗೆ ಈ ಕಲಂ ಅಸಿಂಧು ಎಂದು ತೀರ್ಪಿತ್ತಿತು. ನೋಟಿಸಿಲ್ಲದೆ, ಸಮಜಾಯಿಷಿ ಕೇಳದೆ ಪ್ರಜೆಯೊಬ್ಬನನ್ನು ಅವನದೇ ದೇಶದಿಂದ ಹೊರಹಾಕುವುದು ಸಲ್ಲದು ಎಂಬುದು ಅದರ ಸಾರ.

ವಿದೇಶಿಯರ ವಿಷಯದಲ್ಲಿ ಕೋರ್ಟು ಇಷ್ಟು ಉದಾರವಾಗಿರಲಿಲ್ಲ. ಜರ್ಮನಿಯ ಪ್ರಜೆಯೊಬ್ಬನ ಪ್ರಕರಣದಲ್ಲಿ 1955ರಲ್ಲಿ, ವಿದೇಶಿಯನ್ನು ಹೊರಕಳುಹಿಸುವ ಸರ್ಕಾರದ ಅಧಿಕಾರ ಅಬಾಧಿತ ಎಂದಿತು. ಮೂರೂವರೆ ದಶಕಗಳ ಬಳಿಕವೂ ಅದೇ ನಿಲುವು ಉಳಿದಿತ್ತು. 1937ರಿಂದ ಭಾರತದಲ್ಲೇ ಇದ್ದ ಬೆಲ್ಜಿಯಂ ಮೂಲದ ಪಾದ್ರಿಯೊಬ್ಬರು ತಮಗೆ ಇಲ್ಲಿ ನೆಲೆಸುವ ಹಕ್ಕಿದೆ ಎಂದು ಕೇಳಿದಾಗ, 1991ರಲ್ಲಿ ಕೋರ್ಟು ಒಪ್ಪಲಿಲ್ಲ. ಆದರೆ ವಿದೇಶಿಯ ಜೀವ ಮತ್ತು ಸ್ವಾತಂತ್ರ್ಯಕ್ಕೆ 21ನೇ ವಿಧಿಯ ರಕ್ಷಣೆ ಉಂಟೆಂಬುದನ್ನು ಅದೇ ತೀರ್ಪು ಒಪ್ಪಿಕೊಂಡಿತು. ನೆಲೆಸುವ ಹಕ್ಕು ಬೇರೆ, ನ್ಯಾಯವಾಗಿ ನಡೆಸಿಕೊಳ್ಳಲ್ಪಡುವ ಹಕ್ಕು ಬೇರೆ. ಮೊದಲನೆಯದು ಇಲ್ಲವೆಂದ ಮಾತ್ರಕ್ಕೆ ಎರಡನೆಯದೂ ಇಲ್ಲವಾಗುವುದಿಲ್ಲ.

ಈ ಎರಡನೆಯ ಹಕ್ಕಿಗೆ ತಿರುಳು ತುಂಬಿದ್ದು 1978ರ ಮೇನಕಾ ಗಾಂಧಿ ಪ್ರಕರಣ. ಕಾರಣ ತಿಳಿಸದೆ ಅವರ ಪಾಸ್‌ಪೋರ್ಟನ್ನು ಸರ್ಕಾರ ವಶಪಡಿಸಿಕೊಂಡಿತ್ತು. ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿ ಯಾವುದೋ ಒಂದು ಕಾರ್ಯವಿಧಾನ ಬರೆದಿದ್ದರೆ ಸಾಲದು, ಅದು ನ್ಯಾಯವಾದುದೂ ಸಮಂಜಸವಾದುದೂ ಆಗಿರಬೇಕು ಎಂದಿತು. ಮೂವತ್ತು ವರ್ಷಗಳ ಹಿಂದೆ ಕರಡು ಸಮಿತಿ ಮುಂಬಾಗಿಲಿನಿಂದ ಹೊರಗೆ ಕಳುಹಿಸಿದ್ದ ನ್ಯಾಯಬದ್ಧ ಪ್ರಕ್ರಿಯೆ ಹೀಗೆ ಹಿತ್ತಲ ಬಾಗಿಲಿನಿಂದ ಮನೆ ಸೇರಿತು.

1996ರ ಚಕ್ಮಾ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಪೂರ್ವ ಪಾಕಿಸ್ತಾನದ ಕಪ್ತಾಯಿ ಅಣೆಕಟ್ಟಿನಿಂದ ಮನೆಮಠ ಮುಳುಗಿ 1964ರ ಸುಮಾರಿಗೆ ಭಾರತಕ್ಕೆ ಬಂದಿದ್ದ ಚಕ್ಮಾ ಜನರಿಗೆ, ಅರುಣಾಚಲ ಬಿಟ್ಟು ತೊಲಗಿರಿ ಎಂದು ಅಲ್ಲಿನ ವಿದ್ಯಾರ್ಥಿ ಸಂಘಟನೆ ಗಡುವು ಕೊಟ್ಟಿತ್ತು. ಪ್ರಜೆಯಿರಲಿ, ಇಲ್ಲದಿರಲಿ, ಪ್ರತಿಯೊಬ್ಬ ಮನುಷ್ಯನ ಪ್ರಾಣ ಕಾಯುವುದು ರಾಜ್ಯದ ಕರ್ತವ್ಯ, ಕಾನೂನಿನ ಪ್ರಕಾರವಲ್ಲದೆ ಅವರನ್ನು ಕದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು.

ಬೈಲಕುಪ್ಪೆಯಿಂದ ಸೊಂಡೆಕೊಪ್ಪಕ್ಕೆ

ಕರ್ನಾಟಕ ಹೊರಗಿನವರನ್ನು ಬರಮಾಡಿಕೊಂಡ ರಾಜ್ಯ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ, ಅನಂತರ ಮುಂಡಗೋಡಿನಲ್ಲಿ, ಕೊಳ್ಳೇಗಾಲದ ಕಡೆ ಟಿಬೆಟನ್ನರಿಗೆ ಜಾಗ ಕೊಟ್ಟಿತು. ಅವರ ಮಕ್ಕಳು ಇಲ್ಲೇ ಹುಟ್ಟಿದರು, ಕನ್ನಡ ಕಲಿತರು. ಅವರೆಲ್ಲ ವಿದೇಶಿಯರೆಂದೇ ಜನರ ಭಾವನೆ, ಕಚೇರಿಗಳ ಭಾವನೆಯೂ ಅದೇ. ಆದರೆ ಪಾಸ್‌ಪೋರ್ಟ್ ಸಿಗದ ಟಿಬೆಟನ್ ಧರ್ಮಗುರುವೊಬ್ಬರು ಕರ್ನಾಟಕ ಹೈಕೋರ್ಟಿಗೆ ಹೋದಾಗ, ಪೌರತ್ವ ಕಾಯ್ದೆಯನ್ನು ಬಿಡಿಸಿ ಓದಿದ ಕೋರ್ಟು 2013ರಲ್ಲಿ ಬೇರೆಯೇ ಉತ್ತರ ಕೊಟ್ಟಿತು. 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ತಂದೆತಾಯಿ ಯಾವ ದೇಶದವರೇ ಇರಲಿ, ಹುಟ್ಟಿನಿಂದಲೇ ಭಾರತದ ಪ್ರಜೆಗಳು. ದಶಕಗಳ ಕಾಲ ‘ವಿದೇಶಿ’ ಎನಿಸಿಕೊಂಡಿದ್ದ ವ್ಯಕ್ತಿ ಕಾನೂನಿನ ಪ್ರಕಾರ ಪ್ರಜೆಯೇ ಆಗಿದ್ದರು. ಒಂದು ಕೋರ್ಟು ಕೂತು ಕೇಳಿದ್ದರಿಂದ ಅದು ಗೊತ್ತಾಯಿತು.

ಇನ್ನು ಬೆಂಗಳೂರಿನ ಪಶ್ಚಿಮ ದಿಕ್ಕಿಗೆ ಬರೋಣ. ದೇಶದ ಕೊನೆಯ ಗವರ್ನರ್ ಜನರಲ್ ರಾಜಾಜಿಯವರ ಹೆಸರು ಹೊತ್ತ ರಾಜಾಜಿನಗರ ದಾಟಿ ತುಮಕೂರು ರಸ್ತೆ ಹಿಡಿದರೆ ನೆಲಮಂಗಲ ಸಿಗುತ್ತದೆ. ಆ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ ಒಂದು ಕಾಲಕ್ಕೆ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ನಿಲಯವಾಗಿದ್ದ ಕಟ್ಟಡವೊಂದಿದೆ. 2019ರ ಕೊನೆಯ ಹೊತ್ತಿಗೆ ಅದಕ್ಕೆ ಎತ್ತರದ ಗೋಡೆ, ಮುಳ್ಳುತಂತಿ, ಕಾವಲು ಗೋಪುರಗಳು ಬಂದು ಅದು ವಿದೇಶಿಯರ ಬಂಧನ ಕೇಂದ್ರವಾಯಿತು. ಬಡಮಕ್ಕಳು ಓದಲೆಂದು ಕಟ್ಟಿದ ಕಟ್ಟಡ ಗಡಿಪಾರಿಗೆ ಕಾಯುವವರ ತಾಣವಾದದ್ದು ಕಾಲದ ವ್ಯಂಗ್ಯ.

ಅದೇ 2019ರ ಅಕ್ಟೋಬರಿನಲ್ಲಿ ನಗರದ ಪೊಲೀಸರು ಬಾಂಗ್ಲಾದೇಶೀಯರೆಂಬ ಆಪಾದನೆಯ ಮೇಲೆ ಮಹಿಳೆಯರು, ಮಕ್ಕಳು ಸೇರಿದಂತೆ ಸುಮಾರು 60 ಮಂದಿಯನ್ನು ಹಿಡಿದರು. ನವೆಂಬರಿನಲ್ಲಿ ಅವರನ್ನು ರೈಲಿನಲ್ಲಿ ಪಶ್ಚಿಮ ಬಂಗಾಳಕ್ಕೆ ಒಯ್ಯಲಾಯಿತು. ಯಾವ ವಿಧಾನದಲ್ಲಿ ಇವರನ್ನು ಗಡಿ ದಾಟಿಸುತ್ತೀರಿ ಎಂದು ಮಾನವ ಹಕ್ಕು ಸಂಘಟನೆಗಳು ಕೇಳಿದವು. ಕರಿಯಮ್ಮನ ಅಗ್ರಹಾರದ ಘಟನೆ ನಡೆದದ್ದು ಇದಾದ ಎರಡು ತಿಂಗಳಿಗೆ.

2020ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ.ಎನ್. ಫಣೀಂದ್ರ ಅವರು ಜಾಮೀನು ಅರ್ಜಿಯೊಂದರ ವಿಚಾರಣೆಯಲ್ಲಿ ವಿಸ್ತಾರವಾದ ತೀರ್ಪು ಬರೆದರು. ಅಕ್ರಮ ವಲಸಿಗರೆಂಬ ಆಪಾದನೆ ಹೊತ್ತವರನ್ನು ಹೇಗೆ ನಡೆಸಿಕೊಳ್ಳಬೇಕು, ಬಂಧನ ಕೇಂದ್ರಗಳಲ್ಲಿ ಏನೇನು ಸೌಕರ್ಯವಿರಬೇಕು, ಮಹಿಳೆಯರನ್ನೂ ಮಕ್ಕಳನ್ನೂ ಹೇಗೆ ನೋಡಿಕೊಳ್ಳಬೇಕು ಎಂಬುದಕ್ಕೆ ಅದು ಮಾರ್ಗಸೂಚಿ ನೀಡಿತು. ದೇಶದ ಕಾನೂನನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವುದಕ್ಕೂ ಮನುಷ್ಯನನ್ನು ಮನುಷ್ಯನಂತೆ ಕಾಣುವುದಕ್ಕೂ ವಿರೋಧವಿಲ್ಲ ಎಂಬುದು ಅದರ ಧಾಟಿ.

ಕಾಗುಣಿತದ ತಪ್ಪು

1864ರಲ್ಲಿ ಬರೆದ ಒಂದು ನಿಯಮ ಮಾತ್ರ ಇಷ್ಟೆಲ್ಲ ಬದಲಾವಣೆಗಳ ನಡುವೆಯೂ ಅಲುಗಾಡಿಲ್ಲ. ವಿದೇಶಿಯಲ್ಲವೆಂದು ಸಾಧಿಸುವ ಹೊಣೆ ಆಪಾದಿತನದೇ ಎಂಬ ನಿಯಮ ಅದು. 1946ರ ವಿದೇಶಿಯರ ಕಾಯ್ದೆಯ ಒಂಬತ್ತನೇ ಕಲಂ ಅದನ್ನು ಉಳಿಸಿಕೊಂಡಿತು. ಆ ಕಾಯ್ದೆಯೂ ಸೇರಿ ನಾಲ್ಕು ಹಳೆಯ ಕಾಯ್ದೆಗಳ ಜಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಅದು ಇದೆ. ಕಳ್ಳತನದ ಆರೋಪಿ ತಾನು ಕಳ್ಳನಲ್ಲವೆಂದು ಸಾಧಿಸಬೇಕಿಲ್ಲ, ಪೊಲೀಸರು ಸಾಧಿಸಬೇಕು. ವಿದೇಶಿಯೆಂಬ ಆಪಾದನೆಗೆ ಗುರಿಯಾದವನ ಸ್ಥಿತಿ ಅದಕ್ಕೆ ತಿರುವುಮುರುವು.

ಕಾಗದ ಪತ್ರ ಜೋಪಾನವಾಗಿಟ್ಟ ಮಧ್ಯಮ ವರ್ಗದವರಿಗೆ ಇದರ ಬಿಸಿ ತಟ್ಟದು. ಮಳೆಗೆ ಸೋರುವ ಗುಡಿಸಲಿನಲ್ಲಿ, ಊರಿಂದೂರಿಗೆ ಅಲೆಯುವ ಕೂಲಿಯವನಿಗೆ ತಾತನ ಕಾಲದ ದಾಖಲೆ ಎಲ್ಲಿಂದ ಬರಬೇಕು? ಇದ್ದರೂ ಹೆಸರು ಒಂದೊಂದರಲ್ಲಿ ಒಂದೊಂದು ರೀತಿ. ಪಡಿತರ ಚೀಟಿಯಲ್ಲಿ ಬಸಪ್ಪ, ಮತದಾರರ ಪಟ್ಟಿಯಲ್ಲಿ ಬಸವರಾಜಪ್ಪ, ಶಾಲೆಯ ದಾಖಲೆಯಲ್ಲಿ ಬಸವರಾಜ ಎಂದಿರುವುದು ನಮ್ಮ ಹಳ್ಳಿಗಳಲ್ಲಿ ದಿನನಿತ್ಯದ ಮಾತು.

ಅಸ್ಸಾಮಿನ ಒಬ್ಬರಿಗೆ ಆದದ್ದು ಇದೇ. ಅವರ ಗೈರುಹಾಜರಿಯಲ್ಲೇ ನ್ಯಾಯಮಂಡಳಿ 2012ರಲ್ಲಿ ಅವರನ್ನು ವಿದೇಶಿ ಎಂದು ಘೋಷಿಸಿತ್ತು. ಮುಂದೆ ಅವರು ತಂದ ದಾಖಲೆಗಳಲ್ಲಿ ಹೆಸರಿನ ಕಾಗುಣಿತ, ತಾರೀಕುಗಳು ತಾಳೆಯಾಗಲಿಲ್ಲ ಎಂಬುದು ಅವರಿಗೆ ಮುಳುವಾಯಿತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅವರನ್ನು ಭಾರತೀಯನೆಂದು ಸಾರಿತು. ಸಾಧಿಸುವ ಹೊಣೆ ಆಪಾದಿತನ ಮೇಲಿದ್ದರೂ, ಆಪಾದನೆ ಮಾಡಲು ಅಧಿಕಾರಿಗಳ ಬಳಿ ಮೊದಲು ಏನಾದರೂ ಆಧಾರ ಇರಬೇಕು, ಕಂಡಕಂಡವರನ್ನು ನಿಲ್ಲಿಸಿ ‘ನೀನು ಭಾರತೀಯನೆಂದು ತೋರಿಸು’ ಎನ್ನುವಂತಿಲ್ಲ ಎಂದೂ ಹೇಳಿತು. ತೀರ್ಪನ್ನು ಕೇಳಲು ಆ ಮನುಷ್ಯ ಇರಲಿಲ್ಲ. 2021ರಲ್ಲೇ ತೀರಿಕೊಂಡಿದ್ದರು.

2025ರ ಜೂನ್‌ನಲ್ಲಿ ದೆಹಲಿಯಲ್ಲಿ ಹಿಡಿಯಲ್ಪಟ್ಟ ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬಳ ಕಥೆ ಇನ್ನೂ ಹತ್ತಿರದ್ದು. ಕೆಲವೇ ದಿನಗಳಲ್ಲಿ ಆಕೆಯನ್ನು ಪುಟ್ಟ ಮಗನೊಂದಿಗೆ ಬಾಂಗ್ಲಾದೇಶಕ್ಕೆ ದಾಟಿಸಲಾಯಿತು. ಅಲ್ಲಿನವರು ಆಕೆಯನ್ನು ಭಾರತದಿಂದ ನುಸುಳಿದವಳೆಂದು ಜೈಲಿಗೆ ಹಾಕಿದರು! ಅವಸರದಲ್ಲಿ ನಡೆದ ಈ ಗಡಿಪಾರನ್ನು ಕಲ್ಕತ್ತಾ ಹೈಕೋರ್ಟು ಸೆಪ್ಟೆಂಬರಿನಲ್ಲಿ ರದ್ದುಪಡಿಸಿತು. ವಿಷಯ ಸುಪ್ರೀಂ ಕೋರ್ಟು ತಲುಪಿದ ಮೇಲೆ, ಮಾನವೀಯತೆಯ ನೆಲೆಯಲ್ಲಿ ಕರೆತರಲು ಕೇಂದ್ರ ಸರ್ಕಾರ ಒಪ್ಪಿ, ಡಿಸೆಂಬರಿನಲ್ಲಿ ತಾಯಿ ಮಗ ಮರಳಿದರು. ಜೂನ್‌ನಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದ್ದರೆ ಆರು ತಿಂಗಳ ಆ ಯಾತನೆ ತಪ್ಪುತ್ತಿತ್ತು.

ಎರಡು ಮಾತು

ಇದರ ಇನ್ನೊಂದು ಮಗ್ಗುಲನ್ನೂ ಅಲಕ್ಷಿಸುವಂತಿಲ್ಲ. ಯಾರು ಒಳಗೆ ಬರಬೇಕು, ಯಾರು ಇರಬೇಕು ಎಂದು ನಿರ್ಧರಿಸುವುದು ಪ್ರತಿಯೊಂದು ದೇಶದ ಹಕ್ಕು. ಸುಳ್ಳು ದಾಖಲೆ ಮಾಡಿಸಿಕೊಂಡು ಬರುವವರಿದ್ದಾರೆ, ಅವರನ್ನು ತರುವ ದಲ್ಲಾಳಿಗಳ ಜಾಲವೂ ಇದೆ. ಅಸ್ಸಾಮಿಗೆಂದು 1983ರಲ್ಲಿ ಮಾಡಿದ ಕಾಯ್ದೆ, ಸಾಧಿಸುವ ಹೊಣೆಯನ್ನು ಆಪಾದಿತನಿಂದ ತೆಗೆದು ಆಪಾದಿಸುವವರ ಮೇಲೆ ಹಾಕಿತ್ತು. ಅದು ಅಕ್ರಮ ವಲಸೆಯನ್ನು ತಡೆಯುವ ಬದಲು ಪೋಷಿಸಿತು ಎಂದು 2005ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ರದ್ದು ಮಾಡಿತು. ವಿಚಾರಣೆಯೆಂದರೆ ವರ್ಷಗಟ್ಟಲೆ ಎಳೆದಾಟ ಎಂಬ ದೂರಿನಲ್ಲಿ ಹುರುಳಿಲ್ಲದಿಲ್ಲ.

ಆದರೆ ವಿಳಂಬಕ್ಕೆ ಮದ್ದು ವಿಚಾರಣೆಯನ್ನು ಬೇಗ ಮುಗಿಸುವುದೇ ಹೊರತು ವಿಚಾರಣೆಯನ್ನೇ ಬಿಡುವುದಲ್ಲ. ಹೊರಹಾಕಬಾರದು ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ, ಕೇಳದೆ ಹೊರಹಾಕಬಾರದು ಎನ್ನುವುದಷ್ಟೇ ವಾದ. ಮ್ಯಾನ್ಮಾರಿನಿಂದ ಬಂದ ರೋಹಿಂಗ್ಯಾಗಳ ಪರ ಸಲ್ಲಿಸಿದ ಅರ್ಜಿಯಲ್ಲಿ 2021ರಲ್ಲಿ ತಡೆಯಾಜ್ಞೆ ನಿರಾಕರಿಸಿದಾಗಲೂ ಸುಪ್ರೀಂ ಕೋರ್ಟು, ನಿಗದಿಯಾದ ಕಾರ್ಯವಿಧಾನ ಪಾಲಿಸದೆ ಗಡಿಪಾರು ಮಾಡಕೂಡದು ಎಂಬ ಷರತ್ತು ಹಾಕಿತ್ತೆಂಬುದು ಉಲ್ಲೇಖನೀಯ.

ವಿಜಯನಗರ, ಬಸವೇಶ್ವರನಗರಗಳ ಮನೆಗಳಲ್ಲಿ ಹುಡುಕಿದರೆ ಒಂದೆರಡು ತಲೆಮಾರಿನ ಹಿಂದೆ ಇನ್ನೆಲ್ಲಿಂದಲೋ ಗಂಟುಮೂಟೆ ಕಟ್ಟಿಕೊಂಡು ಬಂದವರೇ ಹೆಚ್ಚು. ಕೆಂಗೇರಿಯಾಚೆ ಏಳುತ್ತಿರುವ ಕಟ್ಟಡಗಳ ಬುಡದಲ್ಲಿ ಇವತ್ತೂ ತಗಡಿನ ಶೆಡ್ಡುಗಳಿವೆ. ಅಲ್ಲಿ ಯಾದಗಿರಿಯ ಕನ್ನಡ, ಮಾಲ್ಡಾದ ಬಂಗಾಳಿ ಒಂದೇ ನಲ್ಲಿಯ ಮುಂದೆ ಸಾಲು ನಿಲ್ಲುತ್ತವೆ. ಇವರಲ್ಲಿ ಗಡಿ ದಾಟಿ ಬಂದವರು ಯಾರಾದರೂ ಇದ್ದಾರೆಯೇ? ಇದ್ದರೂ ಇರಬಹುದು. ಯಾರು ಎಂಬುದನ್ನು ಜೆಸಿಬಿ ಹೇಳಲಾರದು. ಅದನ್ನು ಹೇಳಬಲ್ಲದ್ದು ಒಂದು ನೋಟಿಸು, ಒಬ್ಬ ವಕೀಲ, ಕೂತು ಕೇಳುವ ಒಬ್ಬ ನ್ಯಾಯಾಧೀಶ. ಅಷ್ಟನ್ನು ಬಂಗಾಳಿ ಮಾತಾಡುವವನಿಗೆ ಇಲ್ಲವೆಂದರೆ, ಕರಿಯಮ್ಮನ ಅಗ್ರಹಾರದಲ್ಲಿ ಆದಂತೆ, ಪಕ್ಕದ ಗುಡಿಸಲಿನ ಕನ್ನಡಿಗನಿಗೂ ಅದು ಸಿಗುವುದಿಲ್ಲ.